ಮದುವೆಯ ಛಾಯಾಗ್ರಾಹಕನೂ ಕಡೆಯ ಕಂತೂ

ಮದುವೆಯ ಛಾಯಾಗ್ರಾಹಕನನ್ನು ನಿಂದಿಸುವುದು ಈಚೆಗೆ ವಿದ್ಯಾವಂತ ಕುಟುಂಬಗಳಲ್ಲಿ ಒಂದು ಬಗೆಯ ವಿನೋದವಾಗಿ ಪರಿಣಮಿಸಿದೆ. ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ, ಈ ಮೂರು ಕಡೆಗಳಲ್ಲಿ ಯಾವ ಬೀಗರ ಊಟದ ಪಂಕ್ತಿಯಲ್ಲಿ ಕುಳಿತರೂ ಈ ದೂರುಗಳು ಕಿವಿಗೆ ಬೀಳದೆ ಇರವು. ಆತನು ಕೇಳಿದ ಹಣ ಅತಿಯಾಯಿತು. ಮಂಟಪಕ್ಕೆ ಅಡ್ಡಲಾಗಿ ನಿಂತು ಬಂದ ನೆಂಟರಿಗೆ ಧಾರೆಯೇ ಕಾಣದಂತೆ ಮಾಡಿದನು. ಪುರೋಹಿತರ ಮಂತ್ರವನ್ನು ನಡುವೆ ತಡೆದು ಮಾಂಗಲ್ಯವನ್ನು ಇನ್ನೊಮ್ಮೆ ಎತ್ತಿ ಹಿಡಿಯಿರೆಂದನು. ವರ್ಷ ತುಂಬಿ ತೊಟ್ಟಿಲು ಕಟ್ಟುವ ಕಾಲ ಬಂದರೂ ಆಲ್ಬಂ ಮಾತ್ರ ಬರಲಿಲ್ಲ. ಇವುಗಳಲ್ಲಿ ಒಂದೂ ನಿಜವಲ್ಲವೆಂದು ಯಾರೂ ಸಾಧಿಸಲಾರರು. ಆದರೆ ಈ ನ್ಯಾಯಸ್ಥಾನದಲ್ಲಿ ವಾದಿಯೇ ನ್ಯಾಯಾಧಿಪತಿಯೂ ಆಗಿರುವನೆಂಬುದನ್ನು ಮರೆಯಲಾಗದು. ಪ್ರತಿವಾದಿಯು ಆ ಹೊತ್ತಿಗೆ, ಬಹುಶಃ ಊಟವನ್ನೂ ಮಾಡದೆ, ಮುಂದಿನ ಛತ್ರಕ್ಕೆ ಹೊರಟುಹೋಗಿರುತ್ತಾನೆ.

ಆತನ ಪಕ್ಷದ ಮಾತನ್ನು ಕೇಳುವ ಮುನ್ನ ಈ ಪ್ರದೇಶದ ಸ್ವಭಾವವನ್ನು ತಿಳಿಯುವುದು ಅವಶ್ಯ. ವೈಟ್‌ಫೀಲ್ಡು ಡಿ. ಎಸ್. ವೈಟ್ ಎಂಬವರ ಹೆಸರನ್ನು ಹೊತ್ತ ಊರು. ಚಾಮರಾಜೇಂದ್ರ ಒಡೆಯರು ಕೊಟ್ಟ ಭೂಮಿಯಲ್ಲಿ ೧೮೮೨ರಲ್ಲಿ ಆಂಗ್ಲೋ-ಇಂಡಿಯನ್ ಸಂಸಾರಗಳು ಬೇಸಾಯ ಮಾಡಿ ಬದುಕಲೆಂದು ನೆಲೆಗೊಳಿಸಿದ್ದು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆಗಳಲ್ಲಿ ಆರ್. ಕೆ. ಬಾಳಿಗರ ಮುಂದಾಳುತನದಿಂದ ಕಿಯೋನಿಕ್ಸ್ ಸಂಸ್ಥೆಯು ೧೯೭೮ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಗಲ್ಲಿಟ್ಟಿತು. ಪೀಣ್ಯವು ಲೇತು, ಅಚ್ಚು, ಪೈಂಟುಗಳ ಸಣ್ಣ ಕಾರ್ಖಾನೆಗಳ ನೆಲೆ. ಈ ಮೂರರಲ್ಲಿಯೂ ಇಂದು ವಾಸವಾಗಿರುವವರಲ್ಲಿ ಬಹುಮಂದಿ ಬೇರೆ ಊರುಗಳಿಂದ ಬಂದವರು. ರಾಯಚೂರಿನವನೂ ತಿರುನೆಲ್ವೇಲಿಯವನೂ ಒಂದೇ ಮಹಡಿಮನೆಯಲ್ಲಿರುತ್ತಾರೆ. ಹಳ್ಳಿಯ ಮದುವೆಯಲ್ಲಿ ಯಾವ ಹೊತ್ತಿಗೆ ಏನು ನಡೆಯಬೇಕೆಂದು ನೆರೆಮನೆಯ ಅಜ್ಜಿ ಬಲ್ಲಳು. ಇಲ್ಲಿ ನೆರೆಮನೆಯವರಿಗೆ ಭಾಷೆಯೇ ಬೇರೆ. ಹೀಗಾಗಿ, ಆಯಾ ಜಾತಿಯ ಆಯಾ ಸೀಮೆಯ ಶಾಸ್ತ್ರಗಳನ್ನು ಬಲ್ಲವನು ಪುರೋಹಿತನನ್ನು ಬಿಟ್ಟರೆ ಛಾಯಾಗ್ರಾಹಕನೊಬ್ಬನೇ ಎನ್ನುವ ವಿಚಿತ್ರ ಪರಿಸ್ಥಿತಿಯು ಒದಗಿದೆ. ತೆಲುಗರಲ್ಲಿ ಜೀರಿಗೆ ಬೆಲ್ಲವನ್ನು ತಲೆಯ ಮೇಲಿಡುವ ಕ್ಷಣವೇ ಮುಹೂರ್ತವೆಂಬುದನ್ನು ಆತನು ಬಲ್ಲನು. ಮಲೆಯಾಳಿಗಳ ತಾಲಿಕಟ್ಟು ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಯುವುದೆಂದೂ, ತಮಿಳು ಬ್ರಾಹ್ಮಣರಲ್ಲಿ ಉಯ್ಯಾಲೆಯ ಶಾಸ್ತ್ರಕ್ಕೆ ಹೆಂಗಸರೆಲ್ಲ ಸುತ್ತುವರಿದು ದಾರಿ ಸಿಕ್ಕದೆಂದೂ, ಉತ್ತರ ಕರ್ಣಾಟಕದವರಲ್ಲಿ ಸುರಗಿಯ ನೂಲು ಸುತ್ತುವಾಗ ಎಲ್ಲಿ ನಿಲ್ಲಬೇಕೆಂದೂ, ಮಾರವಾಡಿಗಳ ಫೇರಾಗೆ ರಾತ್ರಿಯೆಲ್ಲ ಎಚ್ಚರವಿರಬೇಕೆಂದೂ, ಕೊಡವರಲ್ಲಿ ಬಾಳೆಯನ್ನು ಕಡಿಯುವ ಕತ್ತಿಯ ಬೀಸಿಗೆ ಎಷ್ಟು ದೂರದಲ್ಲಿರಬೇಕೆಂದೂ ತಿಳಿದವನು ಆತನು. ಇದನ್ನು ಯಾವ ಪಾಠಶಾಲೆಯೂ ಕಲಿಸುವುದಿಲ್ಲ. ಒಮ್ಮೆ ತಪ್ಪಿದರೆ ಎರಡನೆಯ ಸಲ ಮದುವೆ ಮಾಡಿಸಲು ಬಾರದು.

ಇನ್ನು ಆತನ ದುಡಿಮೆಯ ಲೆಕ್ಕ. ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ ೩೬ ಚಿತ್ರಗಳು. ಹತ್ತು ಸುರುಳಿ ತೆಗೆದನೆಂದರೆ ೩೬೦ ಚಿತ್ರ, ಅದೇ ದೊಡ್ಡ ಮದುವೆ. ಮನೆಯ ಯಜಮಾನನು ಸುರುಳಿಗಳನ್ನು ಎಣಿಸುತ್ತಿದ್ದನು. ಆದುದರಿಂದ ಛಾಯಾಗ್ರಾಹಕನ ಶ್ರಮಕ್ಕೂ ಒಂದು ಎಣಿಕೆಯಿದ್ದಿತು. ಇಂದು ಸುರುಳಿಯಿಲ್ಲ, ಆದುದರಿಂದ ಎಣಿಕೆಯೂ ಇಲ್ಲ. ಆರತಕ್ಷತೆ, ಮುಹೂರ್ತ ಎರಡೂ ಸೇರಿ ನಾಲ್ಕು ಸಾವಿರ ಚಿತ್ರಗಳಾದುವೆಂದು ಇಟ್ಟುಕೊಂಡರೆ, ೨,೦೦,೦೦೦ ಸಲ ತೆರೆದು ಮುಚ್ಚುವುದಕ್ಕೆ ತಯಾರಕರು ಪರೀಕ್ಷಿಸಿದ ಕ್ಯಾಮರಾದ ಕವಾಟವು ೫೦ ಮದುವೆಗಳಿಗೆ ತನ್ನ ಆಯುಸ್ಸಿನ ಲೆಕ್ಕವನ್ನು ಮುಗಿಸುತ್ತದೆ. ಆ ಕ್ಯಾಮರಾದ ಬೆಲೆಯೋ ಲಕ್ಷಗಳಲ್ಲಿ, ಲೆನ್ಸುಗಳದು ಬೇರೆ. ಒಂದೊಂದು ಚಿತ್ರದ ಮೂಲ ಕಡತವು ೨೫ ಎಂಬಿಯಾದರೂ ನಾಲ್ಕು ಸಾವಿರಕ್ಕೆ ೧೦೦ ಜಿಬಿ. ಕೆಟ್ಟುಹೋದೀತೆಂದು ಎರಡನೆಯ ಪ್ರತಿಯಿಟ್ಟರೆ ಅದರ ಎರಡರಷ್ಟು. ಇದನ್ನು ಆತನು ಎಷ್ಟು ವರ್ಷ ಕಾಪಾಡಬೇಕು? ಯಾರೂ ಹೇಳಿಲ್ಲ, ಆತನೂ ಕೇಳಿಲ್ಲ. ಆದರೆ ಐದು ವರ್ಷಗಳ ಮೇಲೆ ಮನೆಯವರ ಡಿಸ್ಕು ಹಾಳಾದ ದಿನ ಮೊದಲ ಕರೆ ಬರುವುದು ಆತನಿಗೇ.

ಆರತಕ್ಷತೆ ಮುಗಿಯುವುದು ರಾತ್ರಿ ಹನ್ನೊಂದಕ್ಕೆ. ಬ್ರಾಹ್ಮೀಮುಹೂರ್ತದ ಲಗ್ನವಾದರೆ ಬೆಳಗಿನ ನಾಲ್ಕಕ್ಕೆ ಮತ್ತೆ ದೀಪ ಹೊತ್ತಿಸಿ ನಿಲ್ಲಬೇಕು. ಕಾಡುಗೋಡಿಯವರೆಗೆ ೨೦೨೩ರಲ್ಲಿಯೂ ಬೊಮ್ಮಸಂದ್ರದವರೆಗೆ ೨೦೨೫ರಲ್ಲಿಯೂ ಮೆಟ್ರೋ ರೈಲು ಬಂದಿತಾದರೂ ಆ ಹೊತ್ತಿಗೆ ರೈಲು ಇನ್ನೂ ಎದ್ದಿರುವುದಿಲ್ಲ. ಛತ್ರದ ಮೂಲೆಯ ಕುರ್ಚಿಗಳನ್ನು ಜೋಡಿಸಿಕೊಂಡು, ಕ್ಯಾಮರಾದ ಚೀಲವನ್ನು ತಲೆದಿಂಬಾಗಿಟ್ಟುಕೊಂಡು, ಎರಡು ತಾಸು ಒರಗುವುದೇ ಆತನ ನಿದ್ರೆ.

ಇಷ್ಟು ದುಡಿದರೂ ದುಡಿಮೆಯ ದಿನಗಳನ್ನು ಆತನು ಆರಿಸಿಕೊಳ್ಳುವಂತಿಲ್ಲ, ಪಂಚಾಂಗ ಆರಿಸುತ್ತದೆ. ಆಷಾಢದಲ್ಲಿ ಲಗ್ನವಿಲ್ಲ, ಪಿತೃಪಕ್ಷದಲ್ಲಿಲ್ಲ, ಧನುರ್ಮಾಸದಲ್ಲಿಲ್ಲ. ೨೦೨೩ರಲ್ಲಿ ಅಧಿಕ ಶ್ರಾವಣವೂ ಸೇರಿತು. ೨೦೨೪ರ ಮೇ, ಜೂನ್ ತಿಂಗಳುಗಳಲ್ಲಿ ಗುರುವೂ ಶುಕ್ರನೂ ಅಸ್ತರಾಗಿ, ಎಲ್ಲ ವರ್ಷವೂ ತುಂಬಿ ತುಳುಕುತ್ತಿದ್ದ ಛತ್ರಗಳು ಬಿಕೋ ಎಂದುವು. ೨೦೨೦ರ ಮಾರ್ಚಿ ೨೫ರಿಂದ ದೇಶಕ್ಕೆಲ್ಲ ಬೀಗ ಬಿದ್ದಾಗ ಚೈತ್ರ ವೈಶಾಖಗಳು ಪೂರಾ ಹೋದುವು. ಆಮೇಲೆ ಮದುವೆಗೆ ೫೦ ಜನರೆಂದು ಸರ್ಕಾರವು ಕಟ್ಟುಮಾಡಿದಾಗ, ಆ ಐವತ್ತರಲ್ಲಿ ಛಾಯಾಗ್ರಾಹಕನನ್ನೂ ಅವನ ಸಹಾಯಕನನ್ನೂ ಎಣಿಸಬೇಕೆ ಬೇಡವೆ ಎಂದು ಮನೆಮನೆಗಳಲ್ಲಿ ಚರ್ಚೆ ನಡೆಯಿತು. ಸೋದರಮಾವನ ಮಗನಿಗೆ ಸ್ಥಳ ಬೇಕಾದಾಗ ಹೊರಗುಳಿದವನು ಯಾರೆಂದು ಹೇಳಬೇಕಾದುದಿಲ್ಲ.

ಈಗ ದೂರಿನ ಮೂಲಕ್ಕೆ ಬರಬಹುದು. ಹಣ ಅತಿಯಾಯಿತೆನ್ನುವ ಗೃಹಸ್ಥರು ಆ ಹಣ ಎಲ್ಲಿ ಹೋಗುತ್ತದೆಂದು ಸಾಮಾನ್ಯವಾಗಿ ವಿಚಾರಿಸಿರುವುದಿಲ್ಲ. ಒಪ್ಪಂದ ಮಾಡಿಕೊಳ್ಳುವವನು ಒಬ್ಬ ಸ್ಟುಡಿಯೋದ ಯಜಮಾನ. ಒಂದೇ ಲಗ್ನದ ದಿನ ಆತನಿಗೆ ಮೂರು ಮದುವೆಗಳಿರುತ್ತವೆ. ತಾನು ಒಂದಕ್ಕೆ ಹೋಗಿ, ಉಳಿದೆರಡಕ್ಕೆ ದಿನಗೂಲಿಯ ಹುಡುಗರನ್ನು ಕಳುಹಿಸುತ್ತಾನೆ. ಇವರಲ್ಲಿ ಅನೇಕರು ಬೊಮ್ಮಸಂದ್ರದ ಅಥವಾ ಪೀಣ್ಯದ ಕಾರ್ಖಾನೆಗಳಲ್ಲಿ ವಾರವೆಲ್ಲ ದುಡಿದು, ಬಿಡುವಿನ ದಿನ ಕ್ಯಾಮರಾ ಹಿಡಿಯತಕ್ಕವರು. ಕ್ಯಾಮರಾವೂ ಎಷ್ಟೋ ಸಲ ಬಾಡಿಗೆಯದು. ಬಾಡಿಗೆಯನ್ನು ಅಂದೇ ಕೊಡಬೇಕು. ಕೂಲಿಯೋ, ಸ್ಟುಡಿಯೋದವನಿಗೆ ಮನೆಯವರಿಂದ ಕಡೆಯ ಕಂತು ಬಂದಮೇಲೆ. ಆ ಕಡೆಯ ಕಂತು ಬರುವುದು ಆಲ್ಬಂ ಕೈಸೇರಿದಮೇಲೆ. ಆಲ್ಬಂ ಸಿದ್ಧವಾಗುವುದು ನಾಲ್ಕು ಸಾವಿರದಲ್ಲಿ ಮುನ್ನೂರು ಚಿತ್ರಗಳನ್ನು ಮನೆಯವರು ಆರಿಸಿಕೊಟ್ಟಮೇಲೆ.

ಆರಿಸುವುದು ಯಾವಾಗ? ಎಲ್ಲ ಕಗ್ಗಂಟೂ ಇಲ್ಲಿಯೇ. ವಧೂವರರು ಊರು ಸುತ್ತಿ ಬಂದು ಕೆಲಸಕ್ಕೆ ಹಾಜರಾಗಿರುತ್ತಾರೆ. ವರನ ತಾಯಿಗೆ ತನ್ನ ತವರಿನವರ ಚಿತ್ರಗಳು ಸಾಲವು. ವಧುವಿನ ಚಿಕ್ಕಪ್ಪನು ಒಂದರಲ್ಲಿಯೂ ನೇರವಾಗಿ ಕಾಣುವುದಿಲ್ಲವೆಂದು ಮುನಿಸು. ಆರು ತಿಂಗಳು ಹೀಗೆ ಕಳೆಯುತ್ತದೆ. ಆಮೇಲೆ ಒಂದು ದಿನ ಯಾರೋ ನೆಂಟರು ಕೇಳಿದಾಗ, ಆಲ್ಬಂ ಇನ್ನೂ ಬಂದಿಲ್ಲವೆಂಬ ನೆನಪಾಗಿ, ಛಾಯಾಗ್ರಾಹಕನು ಮೋಸಗಾರನೆಂಬ ತೀರ್ಪು ಹೊರಡುತ್ತದೆ. ನಿಧಾನಿಸಿದವರು ಒಬ್ಬರು, ದಂಡ ತೆತ್ತವನು ಇನ್ನೊಬ್ಬ. ಅವನಿಗಿಂತಲೂ ಕೆಳಗೆ, ಆರು ತಿಂಗಳ ಹಿಂದೆ ಎರಡು ದಿನ ನಿಂತು ದುಡಿದ ಹುಡುಗ. ಆತನ ಹೆಸರನ್ನೂ ಈ ಮನೆಯವರು ಕೇಳಿರುವುದಿಲ್ಲ.

ಇಂತಹ ನಡವಳಿಕೆಯನ್ನು ಅರಿಯದವರು ಮಾಡಿದರೆ ಕ್ಷಮಿಸಬಹುದು. ಆದರೆ ಈ ಮೂರು ವಲಯಗಳ ಗೃಹಸ್ಥರಿಗಿಂತ ಇದನ್ನು ಚೆನ್ನಾಗಿ ಅರಿತವರು ದೇಶದಲ್ಲಿಯೇ ಇಲ್ಲ. ಪೀಣ್ಯದ ಕಾರ್ಖಾನೆಯ ಒಡೆಯನನ್ನು ಮಾತಿಗೆ ಎಳೆದರೆ ಮೊದಲು ಹೇಳುವುದು ಬಾಕಿಯ ಕಥೆ: ಮಾಲು ಕಳುಹಿಸಿಯಾಯಿತು, ದೊಡ್ಡ ಕಂಪನಿಯವರು ಹಣ ಕೊಡಲೊಲ್ಲರು. ಈ ಕಷ್ಟವನ್ನು ಕಂಡೇ ೨೦೦೬ರ ಶಾಸನವು ಸಣ್ಣ ಉದ್ದಿಮೆಗಳಿಗೆ ೪೫ ದಿನಗಳೊಳಗೆ ಹಣ ಸಲ್ಲಬೇಕೆಂದೂ, ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರರಷ್ಟು ಚಕ್ರಬಡ್ಡಿ ತೆರಬೇಕೆಂದೂ ವಿಧಿಸಿತು; ಅದೂ ಸಾಲದೆ, ಆ ಗಡುವಿನೊಳಗೆ ಕೊಡದ ಹಣವನ್ನು ಕೊಳ್ಳುವವನು ಆ ವರ್ಷದ ಖರ್ಚೆಂದು ತೋರಿಸಕೂಡದೆಂದು ಆದಾಯ ತೆರಿಗೆಯ ಶಾಸನಕ್ಕೆ ೨೦೨೩ರಲ್ಲಿ ತಿದ್ದುಪಡಿಯಾಗಿ ೨೦೨೪ರ ಏಪ್ರಿಲ್ ೧ರಿಂದ ನಡೆಗೆ ಬಂದಿತು. ಇದನ್ನು ಬಾಯಿಪಾಠವಾಗಿ ಹೇಳಬಲ್ಲ ಒಡೆಯನೇ ಮಗಳ ಮದುವೆಯ ಛಾಯಾಗ್ರಾಹಕನಿಗೆ ಕಡೆಯ ಕಂತನ್ನು ಎಂಟು ತಿಂಗಳು ತಡೆದಿಟ್ಟು, ಅದರಲ್ಲಿಯೂ ಐದು ಸಾವಿರ ಮುರಿದುಕೊಂಡು, ಆ ಐದು ಸಾವಿರವನ್ನು ಗೆದ್ದುಕೊಂಡೆನೆಂದು ಹೇಳಿಕೊಳ್ಳುವುದೂ ಉಂಟು.

ವೈಟ್‌ಫೀಲ್ಡಿನ ಎಂಜಿನಿಯರನ ವಿಷಯವು ಇದಕ್ಕಿಂತಲೂ ಆಶ್ಚರ್ಯಕರವಾದುದು. ಆತನ ಕಛೇರಿಯಲ್ಲಿ ಅಕ್ಷರಕ್ಕೆ ಇಳಿಯದ ಮಾತಿಗೆ ಬೆಲೆಯಿಲ್ಲ. ಯಾವ ಕೆಲಸ, ಯಾವ ದಿನಾಂಕ, ಯಾವ ಹಂತಕ್ಕೆ ಎಷ್ಟು ಹಣ, ಗಿರಾಕಿಯು ನಡುವೆ ಬಯಕೆಯನ್ನು ಬದಲಿಸಿದರೆ ಹೆಚ್ಚಿನ ವೆಚ್ಚ ಯಾರದು, ಎಲ್ಲವೂ ಮೊದಲೇ ಬರೆದು ಸಹಿಯಾಗಿರುತ್ತದೆ. ಅಮೆರಿಕದ ಗಿರಾಕಿಯು ಒಂದು ಗುಂಡಿಯ ಬಣ್ಣ ಬದಲಾಯಿಸೆಂದರೂ ಹೊಸ ಕಾಗದ ಹುಟ್ಟುತ್ತದೆ. ಅದೇ ಎಂಜಿನಿಯರನು ತನ್ನ ಮದುವೆಯ ಹಿಂದಿನ ಸಂಜೆ ಛಾಯಾಗ್ರಾಹಕನನ್ನು ಕರೆದು, ಕಾಲೇಜಿನ ಗೆಳೆಯರು ಹನ್ನೆರಡು ಗಂಟೆಗೆ ಕುಣಿಯುವರು, ಅದನ್ನೂ ತೆಗೆದುಬಿಡಿ, ಹಾಗೆಯೇ ಒಂದು ಸಣ್ಣ ಚಲಚ್ಚಿತ್ರ ಬೆಳಗಿನೊಳಗೆ ಕೊಟ್ಟರೆ ಎಲ್ಲರಿಗೂ ಕಳುಹಿಸಬಹುದು ಎನ್ನುತ್ತಾನೆ. ಇದಕ್ಕೆ ಕಾಗದವೂ ಇಲ್ಲ, ಕಾಸೂ ಇಲ್ಲ. ಇನ್ನು ಕೆಲವರಿಗೆ ಛತ್ರದ ಮೇಲೆ ಡ್ರೋನ್ ಹಾರಲೇಬೇಕು. ವೈಟ್‌ಫೀಲ್ಡಿಗೆ ಹೆಚ್‌ಎಎಲ್ ವಿಮಾನ ನಿಲ್ದಾಣ ದೂರವಿಲ್ಲ, ಪೀಣ್ಯಕ್ಕೆ ಜಾಲಹಳ್ಳಿಯ ವಾಯುಪಡೆಯ ನೆಲೆ ಮಗ್ಗುಲಲ್ಲಿ. ೨೦೨೧ರ ಡ್ರೋನ್ ನಿಯಮಗಳು ಆಕಾಶವನ್ನು ಕೆಂಪು, ಹಳದಿ, ಹಸುರೆಂದು ವಿಂಗಡಿಸಿ, ಹಸುರಲ್ಲದ ಕಡೆ ಅನುಮತಿಯಿಲ್ಲದೆ ಹಾರಿಸಕೂಡದೆಂದಿವೆ. ಪೋಲೀಸರು ಬಂದರೆ ಹಿಡಿಯುವುದು ಹಾರಿಸಿದವನನ್ನೇ ಹೊರತು ಹಾರಿಸೆಂದ ಮಾವನನ್ನಲ್ಲ.

ಕೈಗೊಂದು ಮೊಬೈಲಿರುವಾಗ ಈತನೇ ಏಕೆ ಬೇಕೆಂದು ಕೇಳುವ ಮೂರನೆಯ ಪಕ್ಷವೊಂದಿದೆ. ಮಿತವ್ಯಯವನ್ನು ಬೋಧಿಸುವವರಿಗೆ ಇದು ಹಿಡಿಸುವ ಮಾತು. ಪ್ರಾಮಾಣಿಕವಾಗಿ ಆಚರಿಸಿದರೆ ಆಕ್ಷೇಪಿಸತಕ್ಕದ್ದೂ ಇಲ್ಲ. ಆದರೆ ಮೊಬೈಲು ಹಿಡಿದ ಇನ್ನೂರು ಮಂದಿಯೂ ವಧೂವರರನ್ನೇ ನೋಡುತ್ತಿರುತ್ತಾರೆ. ಧಾರೆಯ ನೀರು ಬೀಳುವಾಗ ಕಂಬದ ಮರೆಯಲ್ಲಿ ನಿಂತ ತಂದೆಯ ಮುಖವನ್ನು ನೋಡುವವನು ಒಬ್ಬನೇ. ಆತನಿಗೆ ಅದನ್ನು ನೋಡುವುದೇ ಕೆಲಸ. ಸುಪ್ರೀಂ ಕೋರ್ಟು ೨೦೦೬ರ ಫೆಬ್ರವರಿಯಲ್ಲಿ ಎಲ್ಲ ವಿವಾಹಗಳೂ ನೋಂದಣಿಯಾಗಬೇಕೆಂದು ವಿಧಿಸಿದ ಮೇಲೆ, ನೋಂದಣಿಯ ಕಛೇರಿಯಲ್ಲಿಯೂ, ಹೆಂಡತಿಯನ್ನು ಪರದೇಶಕ್ಕೆ ಕರೆದೊಯ್ಯಲು ವೀಸಾ ಬೇಡುವಲ್ಲಿಯೂ ಲಗ್ನಪತ್ರಿಕೆಯೊಡನೆ ಮದುವೆಯ ಚಿತ್ರವನ್ನೂ ಇಡುವುದು ವಾಡಿಕೆಯಾಗಿದೆ. ವಿಲಾಸವೆಂದು ಹಳಿಯುವ ವಸ್ತುವು ದಸ್ತಾವೇಜೂ ಆಗಿದೆಯೆಂದಾಯಿತು. ಮೈಸೂರಿನ ಟಿ. ಎಸ್. ಸತ್ಯನ್ನರ ಚಿತ್ರಗಳನ್ನು ಕಂಡು ಹೆಮ್ಮೆಪಡುವ, ಅವರಿಗೆ ೧೯೭೭ರಲ್ಲಿ ಪದ್ಮಶ್ರೀ ಬಂದುದನ್ನು ನೆನೆಯುವ ಕುಟುಂಬಗಳೇ, ಅದೇ ಕಲೆಯು ಬಾಡಿಗೆಗೆ ಮನೆಯೊಳಗೆ ಬಂದಾಗ ಅದಕ್ಕೆ ಕುರ್ಚಿಯನ್ನೂ ಎಲೆಯನ್ನೂ ಕೊಡಲು ಹಿಂದೆಗೆಯುವುದೇಕೆ? ಮದುವೆಗಳಲ್ಲಿ ಛಾಯಾಗ್ರಾಹಕರ ಪಂಕ್ತಿ ಕಡೆಯದು. ಆ ಹೊತ್ತಿಗೆ ಹೋಳಿಗೆ ಮುಗಿದಿರುತ್ತದೆ, ಅನ್ನ ಸಾರು ಉಳಿದಿರುತ್ತದೆ. ಅಷ್ಟರಲ್ಲಿ ವರನ ಕಡೆಯವರ ಗುಂಪಿನ ಚಿತ್ರಕ್ಕೆ ಕರೆ ಬರುತ್ತದೆ.

ಗೃಹಸ್ಥರನ್ನೇ ಆಡಿ ಫಲವಿಲ್ಲ. ಕಲ್ಯಾಣಮಂಟಪಗಳ ಒಡೆಯರಲ್ಲಿ ಕೆಲವರು, ಹೊರಗಿನ ಛಾಯಾಗ್ರಾಹಕನು ಒಳಗೆ ಬರಬೇಕಾದರೆ ಇಂತಿಷ್ಟು ಸಲ್ಲಿಸತಕ್ಕದ್ದೆಂದು ನಿಯಮ ಮಾಡಿಕೊಂಡಿದ್ದಾರೆ. ಸಾವಿರಾರು ರೂಪಾಯಿ ಬಾಡಿಗೆ ತೆಗೆದುಕೊಂಡಮೇಲೆ ಬಾಗಿಲಿನಲ್ಲಿ ಇನ್ನೊಂದು ಸುಂಕ! ಅದೂ ಸೇರುವುದು ಚಿತ್ರದ ಬೆಲೆಗೇ, ನಿಂದೆ ಸಲ್ಲುವುದು ಛಾಯಾಗ್ರಾಹಕನಿಗೇ. ನೋಂದಾಯಿತ ಸ್ಟುಡಿಯೋವಾದರೆ ನೂರಕ್ಕೆ ೧೮ರಂತೆ ಜಿಎಸ್‌ಟಿ ಮೇಲೆ. ರಸೀತಿ ಬೇಡ, ತೆರಿಗೆ ಬಿಡಿ ಎಂದು ಚೌಕಾಸಿ ಮಾಡುವವರು ತೆರಿಗೆಯ ಕಳ್ಳತನವನ್ನು ಕುರಿತು ಬಹಳ ಚೆನ್ನಾಗಿ ಮಾತಾಡಬಲ್ಲವರೇ.

ಛಾಯಾಗ್ರಾಹಕರ ಕಡೆಯೂ ದೋಷವಿಲ್ಲದೆ ಇಲ್ಲ. ಅದರಲ್ಲಿ ಒಂದು ಕ್ಷಮಿಸಲಾಗದ್ದು. ವಧುವು ಅರಿಶಿನದ ನೀರಿನಲ್ಲಿ ನೆನೆದು ನಿಂತಿರುವ ಚಿತ್ರ, ತವರನ್ನು ಬಿಡುವಾಗ ತಾಯಿಯ ಹೆಗಲ ಮೇಲೆ ಅತ್ತ ಚಿತ್ರ, ಇವನ್ನು ಯಾರನ್ನೂ ಕೇಳದೆ ತಮ್ಮ ಅಂಗಡಿಯ ಜಾಹೀರಾತಿಗಾಗಿ ಲೋಕಕ್ಕೆಲ್ಲ ಹರಡುತ್ತಾರೆ. ಕೇಳಿದರೆ, ತೆಗೆದವರು ನಾವು, ಚಿತ್ರ ನಮ್ಮದು ಎನ್ನುತ್ತಾರೆ. ಇದು ತಪ್ಪು ತಿಳಿವಳಿಕೆ. ೧೯೫೭ರ ಕೃತಿಸ್ವಾಮ್ಯ ಶಾಸನದ ೧೭ನೆಯ ಪ್ರಕರಣದಂತೆ, ಒಬ್ಬರು ಹಣ ಕೊಟ್ಟು ತೆಗೆಯಿಸಿದ ಛಾಯಾಚಿತ್ರದ ಮೊದಲ ಸ್ವಾಮ್ಯವು, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ತೆಗೆಯಿಸಿದವರದು. ಚಿತ್ರದ ಕರ್ತೃವೆಂಬ ಹೆಸರು ಮಾತ್ರ ತೆಗೆದವನಿಗೆ ಉಳಿಯುತ್ತದೆ. ಅದನ್ನು ಹೇಳಿಕೊಳ್ಳುವ ಹಕ್ಕನ್ನು ೫೭ನೆಯ ಪ್ರಕರಣವು ಕಾಪಾಡಿದೆ. ಈ ನಿಯಮವು ಬ್ರಿಟನ್ನಿನ ೧೯೧೧ರ ಶಾಸನದಿಂದ ಬಂದ ಪಿತ್ರಾರ್ಜಿತ. ಆ ದೇಶದವರು ತಮ್ಮ ೧೯೮೮ರ ಶಾಸನದಲ್ಲಿ ಇದನ್ನು ಬಿಟ್ಟು ಇನ್ನೊಂದು ಏರ್ಪಾಡು ಮಾಡಿಕೊಂಡರು: ಸ್ವಾಮ್ಯವು ತೆಗೆದವನಿಗೆ, ಆದರೆ ಮನೆಯ ಖಾಸಗಿ ಕಾರ್ಯಕ್ಕೆಂದು ತೆಗೆಯಿಸಿದ ಚಿತ್ರವನ್ನು ತೆಗೆಯಿಸಿದವರ ಒಪ್ಪಿಗೆಯಿಲ್ಲದೆ ಸಾರ್ವಜನಿಕವಾಗಿ ಪ್ರಕಟಿಸಕೂಡದು. ಕಲಾವಿದನ ಶ್ರಮಕ್ಕೂ ಮನೆಯ ಮರ್ಯಾದೆಗೂ ಏಕಕಾಲದಲ್ಲಿ ಸಲ್ಲುವ ನ್ಯಾಯವಿದು. ತಂದವರು ಕೈಬಿಟ್ಟ ಹಳೆಯ ನಿಯಮವನ್ನು ತೆಗೆದುಕೊಂಡವರು ಇನ್ನೂ ಹಿಡಿದಿದ್ದಾರೆ. ಆದರೂ ಶಾಸನವು ಬದಲಾಗುವವರೆಗೆ ಕಾಯಬೇಕಾದುದಿಲ್ಲ. ‘ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ’ ಎಂಬ ಮಾತೇ ಬಾಗಿಲನ್ನು ತೆರೆದಿಟ್ಟಿದೆ. ಒಪ್ಪಂದವನ್ನು ಬರೆಯುವ ಅಭ್ಯಾಸ ಎರಡು ಕಡೆಯವರಿಗೂ ಇಲ್ಲದಿರುವುದೇ ರೋಗ.

ಇದಕ್ಕೆ ಬೇಕಾದುದು ಕನ್ನಡದಲ್ಲಿ ಅಚ್ಚಾದ ಒಂದೇ ಹಾಳೆ. ಅದರಲ್ಲಿ ಯಾವ ಯಾವ ಶಾಸ್ತ್ರಕ್ಕೆ ಎಷ್ಟು ಗಂಟೆಯಿಂದ ಎಷ್ಟರವರೆಗೆ, ಎಷ್ಟು ಜನ, ಮೀರಿದ ಗಂಟೆಗೆ ಎಷ್ಟು ಎಂಬುದಿರಲಿ. ಚಿತ್ರಗಳನ್ನು ಮನೆಯವರಿಗೆ ತೋರಿಸುವ ದಿನ, ಅವರು ಆರಿಸಿ ತಿಳಿಸಬೇಕಾದ ದಿನ, ಆಲ್ಬಂ ಕೊಡುವ ದಿನ ಬೇರೆ ಬೇರೆಯಾಗಿರಲಿ; ಮುಖ್ಯವಾಗಿ, ಕಡೆಯ ಕಂತು ಆಲ್ಬಮಿಗೆ ಅಂಟದೆ ಚಿತ್ರಗಳನ್ನು ತೋರಿಸಿದ ದಿನಕ್ಕೆ ಅಂಟಲಿ, ಆಲ್ಬಮಿನ ಬೆಲೆ ಆಲ್ಬಂ ಬಂದಾಗ ಸಲ್ಲಲಿ. ಮೂಲ ಕಡತಗಳನ್ನು ಎಷ್ಟು ವರ್ಷ ಕಾಪಾಡಬೇಕು, ಯಾವ ಚಿತ್ರವನ್ನು ಹೊರಗೆ ತೋರಿಸಬಹುದು, ಯಾವುದನ್ನು ಕೂಡದು, ಇದಕ್ಕೆ ವಧುವಿನ ಸಹಿಯೂ ಬೇಕು. ಆಕೆಯ ತಂದೆಯದು ಸಾಲದು. ದುಡಿಯಲು ಬರುವವರ ಹೆಸರುಗಳನ್ನೂ ಅವರ ಊಟದ ಎಲೆಗಳನ್ನೂ ಕೊನೆಗೆ ನಮೂದಿಸಬಹುದು. ಈ ಹಾಳೆಯನ್ನು ಅಚ್ಚುಹಾಕಿಸುವ ಕೆಲಸ ಛಾಯಾಗ್ರಾಹಕರ ಸಂಘಗಳದು. ಕರಾವಳಿಯಲ್ಲಿ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ ಎಂಬ ಸಂಘವು ವಲಯವಲಯಗಳಾಗಿ ಒಟ್ಟುಗೂಡಿ ವೃತ್ತಿಬಾಂಧವರ ಕಷ್ಟಸುಖಗಳನ್ನು ವಿಚಾರಿಸುತ್ತಿದೆ. ಬೆಂಗಳೂರಿನ ಹೊರವಲಯದಲ್ಲಿ ಛಾಯಾಗ್ರಾಹಕರು ಒಬ್ಬರ ದರವನ್ನು ಒಬ್ಬರು ಮುರಿಯುವುದರಲ್ಲಿ ಕಳೆಯುವ ಹೊತ್ತಿನಲ್ಲಿ ಕಾಲುಭಾಗವನ್ನು ಇದಕ್ಕೆ ಕೊಟ್ಟರೆ ಸಾಕು.

ಶುಭಕಾರ್ಯದಲ್ಲಿ ಕರಾರುಪತ್ರವೇ, ಅಪಶಕುನವಲ್ಲವೇ ಎಂದು ಹಿರಿಯರು ಆಕ್ಷೇಪಿಸುವುದುಂಟು. ನಿಶ್ಚಿತಾರ್ಥದ ದಿನ ಎರಡು ಕಡೆಯ ಹಿರಿಯರೂ ಎದುರುಬದುರಾಗಿ ಕುಳಿತು, ಪುರೋಹಿತನಿಂದ ಲಗ್ನಪತ್ರಿಕೆಯನ್ನು ಬರೆಯಿಸಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ತಾಂಬೂಲದೊಡನೆ ಬದಲಾಯಿಸಿಕೊಳ್ಳುವುದು ಕರಾರುಪತ್ರವಲ್ಲದೆ ಮತ್ತೇನು? ಅದೇ ಸಂಜೆ ಅಡುಗೆಯವನು ಬಂದು, ಎಷ್ಟು ಎಲೆ, ಎಷ್ಟು ಬಗೆ, ಹೆಚ್ಚಿನ ಎಲೆಗೆ ಎಷ್ಟು ಎಂಬುದನ್ನು ಪುಸ್ತಕದಲ್ಲಿ ಬರೆದುಕೊಂಡು ಯಜಮಾನನ ಸಹಿ ಹಾಕಿಸಿಕೊಂಡು ಹೋಗುತ್ತಾನೆ; ಅದನ್ನು ಯಾರೂ ಅಪಶಕುನವೆಂದು ಕರೆದಿಲ್ಲ. ಛಾಯಾಗ್ರಾಹಕನ ಹಾಳೆಗೂ ಆಗಲೇ, ಅದೇ ಚಾಪೆಯ ಮೇಲೆ, ಅದೇ ಲೇಖನಿಯಿಂದ ಸಹಿ ಬಿದ್ದರೆ ಮುಹೂರ್ತಕ್ಕೆ ಯಾವ ಭಂಗವೂ ಬಾರದು.